ನಮ್ಮೂರ ಮುಖಗಳೇ ಯಾಕೆ ಒಡೆದುಹೋಗುತ್ತವೆ?

ಕುಣಿಗಲ್ ಕಡೆಯ ಹಳ್ಳಿಯೊಂದರಿಂದ 70ರ ಆಸುಪಾಸಿನ ಹಿರಿಯರೊಬ್ಬರು ಮನೆ ಬಿಟ್ಟು ಹೋಗಿದ್ದರು. ಮರೆವಿನ ಕಾಯಿಲೆ. ‘ಕಾಣೆಯಾಗಿದ್ದಾರೆ’ ಅಂತ ಸುದ್ದಿ ಮಾಡಿದ್ದು ನಾನೇ. ಒಂದು ಕಾಲಂ, ಮೇಲೆ ಫೋಟೋ, ಕೆಳಗೆ ಎತ್ತರ, ಮೈಬಣ್ಣ, ಉಟ್ಟಿದ್ದ ಪಂಚೆ. ಬೆಳಗ್ಗೆ ಪೇಪರ್ ಹಿಡಿದುಕೊಂಡು ಅವರ ಮನೆಗೇ ಹೋದೆ, ನಮ್ಮ ಕೆಲಸ ಆಗಿದೆ ನೋಡಿ ಅಂತ ತೋರಿಸೋಕೆ.

ಅವರ ಹೆಂಡತಿ ಪೇಪರನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಕಣ್ಣಿನ ಹತ್ತಿರ ತಂದರು. ‘ಇದ್ಯಾರ್ದಪ್ಪಾ? ನಮ್ಮನೇರ್‍ದು ಹಾಕ್ತೀವಿ ಅಂದಿದ್ಯಲ್ಲ?’ ಅಂದರು.

50 ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಗುರುತು ಸಿಗದ ಫೋಟೋವನ್ನು ನಾನು ಜಿಲ್ಲೆಗೆಲ್ಲ ಹಂಚಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಬೋಂಡಾ ತಿನ್ನುತ್ತಾ ಪೇಪರ್ ನೋಡೋನಿಗೆ ಆ ಮುಖ ಎಲ್ಲಿಂದ ಗುರುತು ಸಿಗಬೇಕು? ಆ ಹಿರಿಯರು ಕೊನೆಗೆ ಸಿಕ್ಕರು. ದೂರದ ನೆಂಟರೊಬ್ಬರು ತುಮಕೂರಲ್ಲಿ ಅಕಸ್ಮಾತ್ ನೋಡಿ ಕರೆತಂದರು. ಅವರು ಮೂರು ದಿನ ಕೂತಿದ್ದ ಜಾಗದ ಪಕ್ಕದ ಟೀ ಅಂಗಡಿಯವನಿಗೆ ಆಮೇಲೆ ಒಳ್ಳೇ ಫೋಟೋ ತೋರಿಸಿದೆ. ‘ಅಯ್ಯೋ, ಇವ್ರಾ? ದಿನಾ ಟೀ ಕೊಟ್ಟಿದೀನಲ್ಲ ಸಾರ್’ ಅಂದ. ನಮ್ಮ ಪೇಪರೂ ಅವನ ಅಂಗಡಿಗೆ ಬರುತ್ತೆ. ಅವತ್ತಿನ ಪೇಪರನ್ನೂ ಅವನು ನೋಡಿದ್ದ.

ಆ ಫೋಟೋ ನಡೆದು ಬಂದ ದಾರಿ ಕೇಳಿ. ಮೂಲ ಫೋಟೋ ಗುಬ್ಬಿಯ ಒಂದು ಸ್ಟುಡಿಯೋದವರು ಮದುವೆಯಲ್ಲಿ ತೆಗೆದದ್ದು. ಸಾಲಾಗಿ ನಿಂತ 14 ಜನ. ಕ್ಯಾಮೆರಾದ ಫೋಟೋ ಅಗಲ 6000 ಚುಕ್ಕಿ. ಅದರಲ್ಲಿ ನಮ್ಮ ಹಿರಿಯರ ಮುಖದ ಅಗಲ ಹೆಚ್ಚುಕಡಿಮೆ 260 ಚುಕ್ಕಿ. ಅದು ಮದುವೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದಾಗ ಇಡೀ ಫೋಟೋ 1600 ಚುಕ್ಕಿಗೆ ಕುಗ್ಗಿತು, ಮುಖ 70ಕ್ಕೆ ಇಳಿಯಿತು. ಅಳಿಯ ಅದನ್ನು ನನಗೆ ಫಾರ್ವರ್ಡ್ ಮಾಡಿದ. ನಾನು ಬೆರಳಲ್ಲಿ ಹಿಗ್ಗಿಸಿ ಸ್ಕ್ರೀನ್‌ಶಾಟ್ ಹೊಡೆದು, ಮುಖ ಮಾತ್ರ ಕತ್ತರಿಸಿ ಡೆಸ್ಕಿಗೆ ಕಳಿಸಿದೆ. ಡೆಸ್ಕಿನವರು ಅದನ್ನು ಎಳೆದು ಒಂದು ಕಾಲಂಗೆ ತುಂಬಿಸಿದರು. ಅಷ್ಟೂ ದಿನ 6000 ಚುಕ್ಕಿಯ ಮೂಲ ಸ್ಟುಡಿಯೋ ಕಂಪ್ಯೂಟರಿನಲ್ಲಿ ತಣ್ಣಗೆ ಕೂತಿತ್ತು. ನಮ್ಮ ಮನೆಯಿಂದ ಆ ಸ್ಟುಡಿಯೋಗೆ ಬೈಕಲ್ಲಿ ಹತ್ತು ನಿಮಿಷ. ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ, ಜರ್ನಲಿಸಂ ಡಿಪ್ಲೊಮಾ ಮಾಡಿದೋನು.

‘ಫೋಟೋ ಒಡೆದೋಗಿದೆ’ ಅಂತೀವಲ್ಲ, ಕೈ ಜಾರಿ ಬಿದ್ದ ಲೋಟದ ಹಾಗೆ ತಾನೇ ಒಡೆದುಕೊಂಡಂತೆ ಹೇಳುತ್ತೀವಿ. ಅದನ್ನು ಒಡೆಯೋದು ನಾವು. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ.

ಡಿಜಿಟಲ್ ಫೋಟೋ ಅಂದರೆ ಚುಕ್ಕಿಗಳ ಲೆಕ್ಕ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಎಂಬ ಎಂಜಿನಿಯರ್ ತನ್ನ ಮೂರು ತಿಂಗಳ ಮಗನ ಫೋಟೋವನ್ನು ಮೊದಲ ಸಲ ಕಂಪ್ಯೂಟರಿಗೆ ಇಳಿಸಿದ. ಉದ್ದ 176, ಅಗಲ 176. ಎಲ್ಲ ಸೇರಿ 31 ಸಾವಿರ ಚುಕ್ಕಿಗೂ ಸ್ವಲ್ಪ ಕಡಿಮೆ. ನಾನು ಡೆಸ್ಕಿಗೆ ಕಳಿಸಿದ ಮುಖದಲ್ಲಿ ಅದರ ಐದನೇ ಒಂದು ಭಾಗ ಇತ್ತು. 1957ರ ಆ ಕೂಸಿಗಿಂತ ನಮ್ಮ ಹಿರಿಯರು ಮಸುಕಾಗಿದ್ದರು! ಜೇಬಲ್ಲಿ 1 ಕೋಟಿ 20 ಲಕ್ಷ ಚುಕ್ಕಿಯ ಫೋಟೋ ತೆಗೆಯುವ ಫೋನ್ ಇಟ್ಟುಕೊಂಡು ಈ ಗತಿ.

ಒಂದು ಸೇರು ರಾಗಿಯನ್ನು ಮೊರದಲ್ಲಿ ಹರಡಿದರೆ ತಳ ಕಾಣೋದಿಲ್ಲ. ಅದೇ ರಾಗಿಯನ್ನು ಇಡೀ ಕಣಕ್ಕೆ ಹರಡಿದರೆ ಕಾಳಿಗೂ ಕಾಳಿಗೂ ನಡುವೆ ನೆಲ ಕಾಣುತ್ತೆ. ಫೋಟೋ ದೊಡ್ಡದು ಮಾಡೋದು ಅಂದರೆ ಇದೇ. ಕಾಳು ಹೆಚ್ಚಾಗಲ್ಲ, ಹರವು ಹೆಚ್ಚಾಗುತ್ತೆ. ಕಂಪ್ಯೂಟರು ನಡುವಿನ ಜಾಗವನ್ನು ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬುತ್ತೆ, ಅಷ್ಟೇ. ಹಾಲಿಗೆ ನೀರು ಹುಯ್ದರೆ ಕ್ಯಾನ್ ತುಂಬುತ್ತೆ, ಡೈರಿಯಲ್ಲಿ ಫ್ಯಾಟ್ ನೋಡಿದರೆ ಬಣ್ಣ ಬಯಲು.

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ನಾಳೆ ಬೆಳಗ್ಗೆ ಯಾವುದೇ ಪೇಪರಿನ ತುಮಕೂರು ಜಿಲ್ಲಾ ಪುಟ ತೆಗೆದು ನೋಡಿ. ಸಚಿವರ ಮುಖ ಕನ್ನಡಿ ಹಾಗಿರುತ್ತೆ. ಕನ್ನಡಕದ ಫ್ರೇಮು, ಶಾಲಿನ ಜರಿ ಎಲ್ಲ ಎಣಿಸಬಹುದು. ಅದೇ ಪುಟದ ಕೆಳಗಡೆ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಹಿಡಿದು ನಿಂತ ಹೆಂಗಸರ ಮುಖಗಳು ಅಂಟಂಟು ಬಣ್ಣದ ಚೌಕಗಳು. ಸೀರೆ ಬಣ್ಣ ನೋಡಿ ಇಂಥೋರು ಅಂತ ಊರವರು ಊಹೆ ಮಾಡಬೇಕು. ಇದೇನು ಕಾಕತಾಳೀಯ ಅಲ್ಲ. ದೊಡ್ಡವರ ಜೊತೆ ಕ್ಯಾಮೆರಾ ಹಿಡಿದ ಹುಡುಗ ಇರುತ್ತಾನೆ. ಹತ್ತಿರ ಹೋಗಿ ತೆಗೀತಾನೆ, ಪ್ರೆಸ್ ನೋಟ್ ಜೊತೆ ಮೂಲ ಫೋಟೋವನ್ನೇ ಮೇಲ್ ಮಾಡ್ತಾನೆ. ಹಳ್ಳಿಯವರ ಫೋಟೋ ನಾಲ್ಕು ಗ್ರೂಪು ಸುತ್ತಿ ನನ್ನ ಹತ್ತಿರ ಬರುತ್ತೆ, ನಾನು ಐದನೇದಕ್ಕೆ ಹಾಕ್ತೀನಿ. ಚುಕ್ಕಿಗಳಲ್ಲೂ ಮೇಲು-ಕೀಳು ಮಾಡಿಟ್ಟಿದ್ದೀವಿ.

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಗಲಾಟೆಯನ್ನೇ ತೆಗೆದುಕೊಳ್ಳಿ. ಗುಬ್ಬಿ ಕಡೆ ಬೇಡ ಅಂತಾರೆ, ಕುಣಿಗಲ್ ಕಡೆ ಬೇಕೇ ಬೇಕು ಅಂತಾರೆ. (ನನ್ನ ಮನೆ ಗುಬ್ಬಿ ಕಡೆ, ಹೆಣ್ಣು ಕೊಟ್ಟ ಮನೆ ಕುಣಿಗಲ್ ಕಡೆ, ನಾಲೆ ವಿಷಯದಲ್ಲಿ ಇಲ್ಲಿ ನಾನು ಬಾಯಿ ಬಿಡಲ್ಲ.) ಪ್ರತಿಭಟನೆಗಳ ಫೋಟೋ ಈಗ ನನ್ನ ಫೋನಲ್ಲಿ ತೆಗೆದು ನೋಡಿದರೆ ನಾಚಿಕೆ ಆಗುತ್ತೆ. ಬಿಸಿಲು, ಧೂಳು, ಪೊಲೀಸರು ಅಂತ ದೂರ ನಿಂತು, ಎರಡು ಬೆರಳಲ್ಲಿ ಜೂಮ್ ಎಳೆದು ತೆಗೆದವು. ತೆಗೆಯುವಾಗ ಪರದೆ ಮೇಲೆ ಚೆನ್ನಾಗೇ ಕಾಣುತ್ತೆ. ಅದೇ ಮೋಸ.

ಬೆರಳಲ್ಲಿ ಎಳೆಯುವ ಜೂಮ್ ಅಂದರೆ ಕತ್ತರಿಸೋದು, ಬೇರೇನಲ್ಲ. ಎರಡು ಪಟ್ಟು ಎಳೆದರೆ ಫೋಟೋದ ಮುಕ್ಕಾಲು ಭಾಗ ಹೋಯ್ತು, ಕಾಲು ಭಾಗ ಉಳೀತು. ನಾಲ್ಕು ಪಟ್ಟು ಎಳೆದರೆ ಹದಿನಾರರಲ್ಲಿ ಒಂದು. 4000 ಉದ್ದ 3000 ಅಗಲದ ಫೋಟೋದಲ್ಲಿ ನಿಜವಾಗಿ ಉಳಿಯೋದು 1000 ಉದ್ದ 750 ಅಗಲ. ಫೋನು ಅದನ್ನು ಹಿಗ್ಗಿಸಿ ಮತ್ತೆ 4000 ಅಂತ ಬರೆದುಕೊಂಡು ಕೊಡುತ್ತೆ, ಅದನ್ನು ನಂಬಬೇಡಿ. ಜೂಮಿಗೆ ಅಂತಲೇ ಬೇರೆ ಲೆನ್ಸ್ ಇರುವ ದುಬಾರಿ ಫೋನಿನ ಕಥೆ ಬೇರೆ. ನನ್ನ ಹತ್ತಿರ ಅದಿಲ್ಲ, ನಿಮ್ಮಲ್ಲೂ ಬಹಳ ಜನರ ಹತ್ತಿರ ಇರಲಿಕ್ಕಿಲ್ಲ. ಇಪ್ಪತ್ತು ಹೆಜ್ಜೆ ಮುಂದಕ್ಕೆ ನಡೆದು ಹೋಗಿ ತೆಗೆಯಿರಿ. ಹೋಗೋಕಾಗದ ಜಾಗವಾದರೆ ಜೂಮ್ ಮಾಡದೆ ಇಡೀ ಫೋಟೋ ತೆಗೆಯಿರಿ. ಕತ್ತರಿಸುವ ಕೆಲಸ ಆಮೇಲೂ ಆಗುತ್ತೆ, ಕತ್ತರಿಸಿದ್ದನ್ನು ಅಂಟಿಸೋಕೆ ಆಗಲ್ಲ.

ವಾಟ್ಸಾಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಮ್ಮ ಜಿಲ್ಲೆಯ ಫೋಟೋಗಳ ಸ್ಮಶಾನ ಅದು. ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದು ಉದ್ದದ ಬದಿಯನ್ನು ಸುಮಾರು 1600 ಚುಕ್ಕಿಗೆ ಇಳಿಸುತ್ತೆ, ಜೊತೆಗೆ ಒತ್ತಿ ಅಮುಕಿ ಫೈಲ್ ಸಣ್ಣದು ಮಾಡುತ್ತೆ. ಅಮುಕುವಾಗ ಎಂಟು ಚುಕ್ಕಿಗೆ ಎಂಟು ಚುಕ್ಕಿಯ ಚೌಕ ಚೌಕವಾಗಿ ಅಮುಕುತ್ತೆ. ಹಿಗ್ಗಿಸಿದಾಗ ಮುಖದ ಮೇಲೆ ಗಾರೆ ನೆಲದ ಗೆರೆ ಹಾಗೆ ಕಾಣೋದು ಆ ಚೌಕಗಳೇ. 2023ರಲ್ಲಿ ಎಚ್‌ಡಿ ಅಂತ ಒಂದು ಗುಂಡಿ ಕೊಟ್ಟರು. ವಾಸಿ, ಆದರೆ ಅದೂ ಅಮುಕುತ್ತೆ. ಮೂಲ ಹಾಗೇ ಹೋಗಬೇಕಾದರೆ ಪಿನ್ನಿನ ಗುರುತು ಒತ್ತಿ, ‘ಗ್ಯಾಲರಿ’ ಬಿಟ್ಟು ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೋಟೋ ಹುಡುಕಿ ಕಳಿಸಿ. ಅಷ್ಟೇ ಕೆಲಸ. ಎರಡು ಸಲ ಮಾಡಿದರೆ ಕೈಗೆ ಹತ್ತುತ್ತೆ.

ಇದನ್ನು ಹೇಳಿದ ಮೇಲೆ ನಮ್ಮ ಹುಡುಗರು ಏನು ಮಾಡ್ತಾರೆ ಗೊತ್ತಾ? ಗ್ರೂಪಿನಿಂದ ಇಳಿಸಿಕೊಂಡ ಫೋಟೋವನ್ನೇ ಡಾಕ್ಯುಮೆಂಟ್ ಮಾಡಿ ಕಳಿಸಿ, ‘ಅಣ್ಣ, ನೀನು ಹೇಳ್ದಂಗೇ ಕಳ್ಸಿದೀನಿ’ ಅಂತಾರೆ. ಸತ್ತ ಮೇಲೆ ಆಂಬುಲೆನ್ಸಿನಲ್ಲಿ ಕರೆತಂದ ಹಾಗಾಯ್ತು. ಫೈಲಿನ ಹೆಸರು ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪಿನಿಂದ ಬಂದ ಫೋಟೋ ಹೆಸರಿನ ನಡುವೆ ‘ಡಬ್ಲ್ಯೂ ಎ’ ಅಂತ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ. ಅದು ಇದ್ದರೆ ಮೂಲ ಅಲ್ಲ. ಹಾಗೇ ಗ್ಯಾಲರಿಯಲ್ಲಿ ಫೋಟೋ ತೆರೆದು ‘ಡೀಟೇಲ್ಸ್’ ನೋಡಿದರೆ ಚುಕ್ಕಿಗಳ ಲೆಕ್ಕ ಬರೆದಿರುತ್ತೆ. 1600ರ ಆಸುಪಾಸು ಇದ್ದರೆ ಯಾರು ತೆಗೆದರೋ ಅವರನ್ನೇ ಹುಡುಕಿ.

ಸ್ಕ್ರೀನ್‌ಶಾಟ್ ಇನ್ನೂ ಕೆಟ್ಟದು. ಉದ್ದಕ್ಕೆ ಹಿಡಿದ ಫೋನಿನಲ್ಲಿ ಅಡ್ಡ ಫೋಟೋ ತೆರೆದರೆ ಅದು ಪರದೆಯ ಅಗಲದಷ್ಟೇ ಕಾಣುತ್ತೆ. ಪರದೆ ಅಗಲ 720 ಚುಕ್ಕಿ ಇದ್ದರೆ ನಿಮಗೆ ಸಿಗೋದು 720. ಒಂದು ಮೂಟೆ ಅಕ್ಕಿ ಮನೇಲಿಟ್ಟುಕೊಂಡು ಒಂದು ಹಿಡಿ ತಂದಂತೆ.

‘ಡೇಟಾ ಖರ್ಚಾಗುತ್ತೆ, ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ’ ಅಂತೀರಿ. ನೆಟ್‌ವರ್ಕ್ ಇಲ್ಲ ಅನ್ನೋದನ್ನು ಒಪ್ಪುತ್ತೀನಿ, ನಾನೇ ಸುದ್ದಿ ಕಳಿಸೋಕೆ ಮಾಳಿಗೆ ಹತ್ತೋನು. ಡೇಟಾ ಮಾತು ಒಪ್ಪಲ್ಲ. ಒಂದು ಮೂಲ ಫೋಟೋ 4-5 ಎಂಬಿ ಇರುತ್ತೆ. ಕೂತಲ್ಲಿ ನಾಲ್ಕು ರೀಲ್ಸ್ ನೋಡಿದರೆ ಅದಕ್ಕಿಂತ ಜಾಸ್ತಿ ಹೋಗಿರುತ್ತೆ. ಒಂದೇ ಥರದ 23 ಫೋಟೋ ಗ್ರೂಪಿಗೆ ಸುರಿಯುವ ಬದಲು ಒಂದು ಆರಿಸಿ, ಸರಿಯಾಗಿ ಕಳಿಸಿ.

ಇನ್ನು ನಮ್ಮ ಡೆಸ್ಕಿನ ಮಹನೀಯರು. ಅವರ ಹತ್ತಿರ ಒಂದು ಮಂತ್ರ ಇದೆ: ‘300 ಡಿಪಿಐ ಕಳಿಸಿ’. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅಂತ. ಇಂಚು ಎಷ್ಟು ಅಂತ ಹೇಳದೆ ಇಂಚಿಗೆ ಎಷ್ಟು ಅಂದರೆ ಏನು ಅರ್ಥ? ಒಬ್ಬ ಸ್ಟ್ರಿಂಗರ್ ಮಿತ್ರ ಸೈಬರ್ ಸೆಂಟರಿನಲ್ಲಿ ಕೂತು ಫೋಟೋಶಾಪಿನಲ್ಲಿ 72 ಅಂತ ಇದ್ದದ್ದನ್ನು 300 ಅಂತ ತಿದ್ದಿ ಕಳಿಸಿದ. ಡೆಸ್ಕಿನವರು ‘ಈಗ ಸರಿ ಇದೆ’ ಅಂದರಂತೆ! ಚೀಟಿ ಮೇಲೆ 50 ಕೆಜಿ ಅಂತ ಬರೆದರೆ 20 ಕೆಜಿ ಮೂಟೆ 50 ಆಗುತ್ತಾ? ಪೇಪರಿನ ಒರಟು ಕಾಗದಕ್ಕೆ ಇಂಚಿಗೆ 200 ಚುಕ್ಕಿ ಇದ್ದರೆ ಧಾರಾಳವಾಯ್ತು. ಒಂದು ಕಾಲಂ ಸುಮಾರು 4 ಸೆಂಟಿಮೀಟರ್. ಅಂದರೆ ಅಲ್ಲಿ ಹಾಕುವ ಮುಖದ ಅಗಲ 300 ಚುಕ್ಕಿ ಇರಬೇಕು. ಸ್ಟುಡಿಯೋದಲ್ಲಿದ್ದ ಮೂಲದಲ್ಲಿ 260 ಇತ್ತು ಅಂದೆನಲ್ಲ, ಅದು ಇಂಚಿಗೆ 165 ಬೀಳುತ್ತಿತ್ತು; ಗುರುತು ಸಿಗೋಕೆ ಸಾಕಿತ್ತು. ನಾನು ಕಳಿಸಿದ 70 ಇಂಚಿಗೆ 44 ಬಿತ್ತು. ‘ಈ ಫೋಟೋ ಇಷ್ಟು ದೊಡ್ಡದಾಗಿ ಬರಲ್ಲ, ಮೂಲ ತರಿಸಿ’ ಅಂತ ಡೆಸ್ಕಿನಿಂದ ಒಂದು ಫೋನ್ ಬಂದಿದ್ದರೆ ನಾನು ಓಡುತ್ತಿದ್ದೆ. ನಾನು ಬರೆದ ಯಾವ ಪೇಪರಿನಲ್ಲೂ ಫೋಟೋಗೆ ಅಂತ ಬೇರೆ ದುಡ್ಡು ಸಿಕ್ಕಿಲ್ಲ, ಪೆಟ್ರೋಲೂ ನಮ್ಮದೇ. ಆದರೂ ಓಡುತ್ತಿದ್ದೆ.

ಶ್ರದ್ಧಾಂಜಲಿ ಫ್ಲೆಕ್ಸಿಗೆ ಬರೋಣ. ಊರಲ್ಲಿ ಯಾರಾದರೂ ತೀರಿಕೊಂಡರೆ ತಿಥಿಗೆ ಮುಂಚೆ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಲ್ಲ, ಅದು. ಗ್ರೂಪ್ ಫೋಟೋದಿಂದ ಕತ್ತರಿಸಿದ 200 ಚುಕ್ಕಿಯ ಮುಖವನ್ನು ಮೂರು ಅಡಿಗೆ ಎಳೆದರೆ ಒಂದೊಂದು ಚುಕ್ಕಿ ಹೆಸರುಕಾಳಿನಷ್ಟು ದಪ್ಪ ಆಗುತ್ತೆ. ಫ್ಲೆಕ್ಸ್ ಅಂಗಡಿಯವರು ಅದನ್ನು ಮರೆಮಾಚೋಕೆ ಮುಖ ನುಣ್ಣಗೆ ಮೆತ್ತಿ, ಸುತ್ತ ಹೂವು, ಪಾರಿವಾಳ, ಮೋಡ ಅಂಟಿಸ್ತಾರೆ. ಜೀವಮಾನವೆಲ್ಲ ಬಿಸಿಲಲ್ಲಿ ದುಡಿದು ಸುಕ್ಕುಗಟ್ಟಿದ ಮುಖ ಮೇಣದ ಬೊಂಬೆ ಆಗಿ ನಿಂತಿರುತ್ತೆ. ಅದೇ ಮನೆಯ ಗೋಡೆ ಮೇಲೆ ಮುತ್ತಜ್ಜನ ಕಪ್ಪುಬಿಳುಪು ಫೋಟೋ ಇರುತ್ತೆ ನೋಡಿ. ಯಾವುದೋ ಕಾಲದ ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕೂತು ತೆಗೆಸಿದ್ದು. ಮೀಸೆಯ ಕೂದಲು ಕೂದಲೂ ಕಾಣುತ್ತೆ. ಅವರಿಗೆ ಜೀವನದಲ್ಲಿ ಒಂದೇ ಫೋಟೋ ಇತ್ತು, ಅದು ಸರಿಯಾಗಿತ್ತು. ನಮ್ಮ ಅಪ್ಪಂದಿರದ್ದು ಸಾವಿರ ಇವೆ, ಸಮಯಕ್ಕೆ ಒಂದೂ ಆಗಿಬರಲ್ಲ.

ಫ್ಲೆಕ್ಸಿಗೆ ಭಾರೀ ಕ್ಯಾಮೆರಾ ಬೇಕು ಅಂತಾನೂ ಇಲ್ಲ. ಹತ್ತು ಅಡಿ ದೂರದಿಂದ ನೋಡುವ ಬೋರ್ಡಿಗೆ ಇಂಚಿಗೆ 40 ಚುಕ್ಕಿ ಸಾಕು. ಆರು ಅಡಿ ಅಗಲ ಅಂದರೆ 72 ಇಂಚು, ಒಟ್ಟು 2880 ಚುಕ್ಕಿ. ನಿಮ್ಮ ಫೋನಿನ 4000ದ ಮೂಲ ಫೋಟೋ ಇದ್ದರೆ ಆಯ್ತು. ಒಬ್ಬರನ್ನೇ ಕೂರಿಸಿ, ಹತ್ತಿರದಿಂದ, ಬೆಳಕಿನ ಕಡೆ ಮುಖ ಮಾಡಿಸಿ ತೆಗೆದಿರಬೇಕು, ಅಷ್ಟೇ.

ಇತ್ತೀಚೆಗೆ ಹೊಸ ಕಾಟ ಶುರುವಾಗಿದೆ. ‘ಎಐ ಹಾಕಿ ಕ್ಲಿಯರ್ ಮಾಡಿಕೊಡ್ತೀವಿ.’ ಮಸುಕು ಮುಖ ಹಾಕಿದರೆ ರೆಪ್ಪೆ ಕೂದಲ ಸಮೇತ ಫಳಫಳ ಮುಖ ಬರುತ್ತೆ. ನೋಡಿದವರು ಬಾಯಿ ಬಿಡ್ತಾರೆ. ಆ ಮುಖ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಅದು ಸಾವಿರಾರು ಬೇರೆ ಬೇರೆ ಜನರ ಮುಖ ನೋಡಿ ಕಲಿತು, ಇಲ್ಲೊಂದು ಮೂಗು ಇರಬಹುದು, ಇಲ್ಲೊಂದು ಹುಬ್ಬು ಇರಬಹುದು ಅಂತ ಹೊಸದಾಗಿ ಬರೆದ ಮುಖ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ ‘ಪಲ್ಸ್’ ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮ ಅವರ ಚೌಕಚೌಕವಾದ ಸಣ್ಣ ಫೋಟೋ ಕೊಟ್ಟರೆ, ಅದು ಯಾರೋ ಬಿಳಿಯನ ಮುಖ ಮಾಡಿ ಕೊಟ್ಟಿತು. ಜಗತ್ತೆಲ್ಲ ಗುರುತಿಸುವ ಮನುಷ್ಯನಿಗೇ ಹಾಗಾದರೆ, ಕುಣಿಗಲ್ ತಾಲ್ಲೂಕಿನ ಒಬ್ಬ ರೈತನ ಮೂಗನ್ನು ಅದು ಸರಿಯಾಗಿ ಊಹಿಸುತ್ತೆ ಅಂತ ಯಾವ ಧೈರ್ಯದ ಮೇಲೆ ನಂಬೋಣ? ಮನೆ ಗೋಡೆಗೆ ಹಾಕಿಕೊಳ್ಳೋದು ನಿಮ್ಮ ಇಷ್ಟ. ಕಾಣೆಯಾದವರ ಸುದ್ದಿಗೆ, ಅಪಘಾತದ ಸುದ್ದಿಗೆ, ಪೊಲೀಸ್ ದೂರಿಗೆ ಅದನ್ನು ಹಾಕೋದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ನಮ್ಮ ಸಹೋದ್ಯೋಗಿಗಳಲ್ಲೂ ಕೆಲವರು ಇದನ್ನು ಮಾಡುತ್ತಿದ್ದಾರೆ. ಅವರಿಗೆ ಇದು ಗೊತ್ತಾಗಲಿ ಅಂತಲೇ ಬರೀತಿದೀನಿ.

ಸಾಕ್ಷಿ ಅಂದಾಗ ಇನ್ನೊಂದು ಮಾತು. ಬದುವಿನ ಕಲ್ಲು ಕಿತ್ತಿದ್ದು, ಆನೆಯೋ ಚಿರತೆಯೋ ಮಾಡಿದ ನಷ್ಟ, ಬಿದ್ದ ಮನೆ, ಹೊಡೆದಾಟದ ಗಾಯ, ಇವೆಲ್ಲದರ ಫೋಟೋ ನಾಳೆ ಕೋರ್ಟಿಗೆ ಬೇಕಾಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಡಿಜಿಟಲ್ ದಾಖಲೆ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲಿನ ‘ಹ್ಯಾಶ್’ ಬರೆಯುವ ಜಾಗ ಇದೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಅಂದುಕೊಳ್ಳಿ. ಒಂದು ಚುಕ್ಕಿ ಬದಲಾದರೂ ಹೆಬ್ಬೆಟ್ಟು ಬೇರೆಯಾಗುತ್ತೆ. ವಾಟ್ಸಾಪ್ ಅಮುಕಿದ ಫೋಟೋ, ನೀವು ಕತ್ತರಿಸಿದ ಫೋಟೋ ಎಲ್ಲವೂ ಬೇರೆ ಬೇರೆ ಫೈಲುಗಳೇ. ‘ಗ್ರೂಪಲ್ಲಿ ಇದೆ ಬಿಡಣ್ಣ’ ಅಂತ ಗ್ಯಾಲರಿಯ ಮೂಲ ಅಳಿಸುವವರೇ, ಸ್ವಲ್ಪ ತಡೆಯಿರಿ. ಕತ್ತರಿಸುವುದಿದ್ದರೆ ಒಂದು ನಕಲು ಮಾಡಿಕೊಂಡು ಅದನ್ನು ಕತ್ತರಿಸಿ.

ಮೂಲ ಇಲ್ಲವೇ ಇಲ್ಲ, ಆಲ್ಬಮ್ಮಿನ ಪ್ರಿಂಟ್ ಮಾತ್ರ ಇದೆ ಅಂದರೂ ಗಾಬರಿ ಬೇಡ. ಪ್ಲಾಸ್ಟಿಕ್ ಹಾಳೆ ಮೇಲಿಂದಲೇ ಟ್ಯೂಬ್‌ಲೈಟ್ ಕೆಳಗೆ ಫೋಟೋ ಹೊಡೆಯಬೇಡಿ. ಪ್ರಿಂಟ್ ಹೊರಗೆ ತೆಗೆದು, ಜೆರಾಕ್ಸ್ ಅಂಗಡಿಯ ಸ್ಕ್ಯಾನರಿನಲ್ಲಿ ಮಲಗಿಸಿ 600 ಡಿಪಿಐಗೆ ಸ್ಕ್ಯಾನ್ ಮಾಡಿಕೊಡಿ ಅನ್ನಿ. ಇಲ್ಲಿ ಆ ಸಂಖ್ಯೆಗೆ ನಿಜವಾಗಲೂ ಅರ್ಥ ಇದೆ. 3.5 ಸೆಂಟಿಮೀಟರ್ ಅಗಲದ ಪಾಸ್‌ಪೋರ್ಟ್ ಫೋಟೋದಿಂದ 800ಕ್ಕೂ ಹೆಚ್ಚು ಚುಕ್ಕಿ ಸಿಗುತ್ತೆ. ಪೇಪರಿನ ಎರಡು ಕಾಲಂಗೆ ಸಾಕು. ಸ್ಕ್ಯಾನರ್ ಸಿಗದಿದ್ದರೆ ಜಗಲಿಯ ನೆರಳಿಗೆ ಒಯ್ದು ನೆಲದ ಮೇಲಿಟ್ಟು, ಫೋನನ್ನು ಓರೆ ಮಾಡದೆ, ಫ್ಲ್ಯಾಶ್ ಹಾಕದೆ, ಜೂಮ್ ಮುಟ್ಟದೆ ತೆಗೆಯಿರಿ. ಅದೂ ಆಗದ, ನಿಜಕ್ಕೂ ಸಣ್ಣ ಫೋಟೋ ಮಾತ್ರ ಉಳಿದಿದ್ದರೆ ಅದನ್ನು ಸಣ್ಣದಾಗೇ ಹಾಕಿ. ಸ್ಟಾಂಪಿನಷ್ಟು ಸ್ಪಷ್ಟ ಮುಖ ಅರ್ಧ ಪುಟದ ಮಸುಕು ಮುಖಕ್ಕಿಂತ ಕೆಲಸಕ್ಕೆ ಬರುತ್ತೆ.

ಆ ಹಿರಿಯರ ಮನೆಗೆ ಹೋದ ತಿಂಗಳು ಮತ್ತೆ ಹೋಗಿದ್ದೆ. ಸ್ಟುಡಿಯೋದವರ ಹತ್ತಿರ ಮೂಲ ಈಸಿಕೊಂಡು ಪ್ರಿಂಟ್ ಹಾಕಿಸಿ ಒಯ್ದಿದ್ದೆ. ಅವರು ಅದನ್ನು ತುಂಬಾ ಹೊತ್ತು ನೋಡಿ, ‘ಇದ್ಯಾರು?’ ಅಂತ ಹೆಂಡತಿಯನ್ನು ಕೇಳಿದರು. ಅವರ ಕಾಯಿಲೆ ಹಾಗೆ. ಆಕೆ ಫೋಟೋ ಇಸಿದುಕೊಂಡು, ‘ನೀನೇ ಕಣಯ್ಯ, ಮಗಳ ಮದ್ವೇಲಿ’ ಅಂದು, ಸೆರಗಲ್ಲಿ ಒರೆಸಿ ದೇವರ ಗೂಡಿನ ಪಕ್ಕ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಇನ್ನೊಂದು ಸಲ ಹಿಂಗೇನಾದ್ರೂ ಆದ್ರೆ ಇದನ್ನೇ ಹಾಕಪ್ಪ ಅಂದರು. ಮೂಲ ಫೈಲು ನನ್ನ ಪೆನ್‌ಡ್ರೈವಲ್ಲೂ ಇದೆ, ಅವರ ಅಳಿಯನ ಮೇಲಿನಲ್ಲೂ ಇದೆ.